ಮಾಂತ್ರಿಕನಿಗೆ ಸ್ನಾನ ಮಾಡಿಸಿದವನು

ಟ್ರ್ವಾ ಪಟ್ಟಣ, ಫ್ರೆಂಚರ ನಾಡು
1177ನೇ ಇಸವಿ, ನವೆಂಬರ್ 12, ಸಂತ ಮಾರ್ಟಿನ್ ಹಬ್ಬದ ಮರುದಿನ

ಅಕ್ಕಾ ಗ್ವೆರ್ವಿಲ್,

ಗೆದ್ದೆ! ಕೇಳಿಸಿತೇ? ಸಮುದ್ರದ ಆಚೆಗೆ, ನಮ್ಮ ಕುಮ್ ಕೆಲಿನ್ ಕಣಿವೆಯ ಕಟ್ಟಕಡೆಯ ಕುರಿದೊಡ್ಡಿಗೂ ಮುಟ್ಟುವಂತೆ ಕೂಗಿ ಹೇಳುತ್ತಿದ್ದೇನೆ. ನಿನ್ನ ತಮ್ಮ ಹೇಲಿನ್ ನಿನ್ನೆ ಕೌಂಟೆಸ್ ದೊರೆಸಾನಿಯ ಸಭೆಯನ್ನು ಬಾಯಿಮಾತಿನಿಂದ ಗೆದ್ದ. ಇಷ್ಟು ವರ್ಷ ಅಡುಗೆಮನೆಯ ಬಾಗಿಲಲ್ಲಿ ಕೂತು ಕುದುರೆಯಾಳುಗಳಿಗೆ ಕಥೆ ಹೇಳಿ ಉಳಿದ ಎಲುಬು ಚೀಪುತ್ತಿದ್ದವನನ್ನು ಒಳಗೆ ಕರೆದರು. ಪಂದ್ಯಗಳ ಕಥೆ ಹೇಳಿದೆ, ಆಕಳಿಸಿದರು. ಬೇಟೆಯ ಕಥೆ ಹೇಳಿದೆ, ಪಕ್ಕದವರ ಜೊತೆ ಮಾತಿಗಿಳಿದರು. ಆಗ ಎದೆ ತಟ್ಟಿ ನಿಂತೆ. 'ದೊರೆಗಳೇ, ನಮ್ಮ ವೇಲ್ಸ್ ಸೀಮೆಯ ಮಾಂತ್ರಿಕನನ್ನು ಕರೆಯಲೇ?'

ಮಾಂತ್ರಿಕನೆಂದರೆ ನಮಗೆ ಯಾರು, ಅಕ್ಕಾ? ಓಕ್ ಮರದ ಪೊಟರೆಯಲ್ಲಿ ಬದುಕಿದ್ದ ಮರುಳ ಮೋರಿಯನ್. ಯುದ್ಧದಲ್ಲಿ ಒಡಹುಟ್ಟಿದವರ ಹೆಣ ಕಂಡು ಬುದ್ಧಿ ಕಳೆದುಕೊಂಡವನು. ಮುಂದೇನಾಗುತ್ತದೆ ಎಂದು ಕೇಳಿದರೆ ಗೂಳಿಯ ಹಾಗೆ ಗುಟುರು ಹಾಕಿ, ಅರ್ಥವಾಗದ ಮಾತು ಉಗುಳಿ, ನೆಲಕ್ಕೆ ಬಿದ್ದು ನಿದ್ದೆಹೋಗುವವನು. ಹೆಗಲು ಹಿಡಿದು ಅಲ್ಲಾಡಿಸಿದರೇ ಎಚ್ಚರ. ಅವನನ್ನೇ ಇದ್ದಹಾಗೆ ಬಾಯಿಮಾತಿನಲ್ಲಿ ಸಭೆಗೆ ತಂದೆ. ಒಬ್ಬ ಎಳೆಯ ಸರದಾರ ಮೂಗು ಮುಚ್ಚಿಕೊಂಡ.

"ಥೂ, ನಿನ್ನ ಮಾಂತ್ರಿಕ ನಾರ್ತಾನಲ್ಲಯ್ಯಾ! ಊಟದ ಹೊತ್ತಿಗೆ ಇಂಥವನನ್ನ ಕರ್ಕೊಂಡು ಬರ್ತಾರಾ?"

"ತಾಳಿ ದೊರೆ, ಸ್ನಾನ ಮಾಡಿಸ್ಕೊಂಡು ಬರ್ತೀನಿ!" ಅಂದೆ.

ಸಭೆ ಗೊಳ್ಳೆಂದಿತು. ಮಾಡಿಸಿದೆ ಅಕ್ಕಾ, ಸ್ನಾನ! ಗಡ್ಡ ಬಾಚಿದೆ, ಬೂದುಬಣ್ಣದ ನಿಲುವಂಗಿ ತೊಡಿಸಿದೆ, ಕೈಗೆ ಕೋಲು ಕೊಟ್ಟೆ, ಪೊಟರೆಯಿಂದ ಎಬ್ಬಿಸಿ ಕಥೆಯ ರಾಜನ ಸಿಂಹಾಸನದ ಪಕ್ಕದಲ್ಲಿ ನಿಲ್ಲಿಸಿದೆ. ಈಗ ಮೂಗು ಮುಚ್ಚಿದವನೇ ಮುಂದಕ್ಕೆ ಬಾಗಿ ಕೇಳಿದ: "ಸರಿ, ರಾಜನಿಗೆ ಇವನಿಂದ ಏನಪ್ಪಾ ಉಪಯೋಗ? ಇನ್ನೊಬ್ಬನ ಹೆಂಡ್ತಿ ಮಲಗೋ ಕೋಣೆ ಬಾಗಿಲು ತೆಗೆಸ್ಕೊಡ್ತಾನಾ?"

ದೊರೆಸಾನಿಯ ಕೈಯಲ್ಲಿದ್ದ ಕಸೂತಿ ಸೂಜಿ ನಿಂತಿತು. ಆ ನಿಶ್ಶಬ್ದ ಎಂಥದ್ದೆಂದು ಕಥೆಗಾರನ ಮಗಳಾದ ನಿನಗೆ ಹೇಳಬೇಕೇ? ಮುಂದೆ ಏನು ಹೇಳಿದೆನೋ ಇಲ್ಲಿ ಬರೆಯುವುದಿಲ್ಲ. ಮನೆಯ ಸರಕು ಒಂದಿಷ್ಟು ಬಳಸಿದೆ, ಅಷ್ಟೆ. ನೀನು ಕೇಳಿದರೆ ನಗುತ್ತೀ. ನಾಯಿ ಬರುವ ಕಡೆ ಹೆಂಗಸರು ಅತ್ತರು.

ಕೊನೆಗೆ ದೊರೆಸಾನಿಯ ಪಾದ್ರಿ ಎದ್ದು, ಇದು ಕಟ್ಟಿದ್ದೋ ನಡೆದದ್ದೋ ಎಂದು ಕೇಳಿದ. ಇಲ್ಲಿಯವರಿಗೆ ನಡೆದದ್ದು ಎನ್ನದಿದ್ದರೆ ರುಚಿಯಿಲ್ಲ. ಆಣೆ ಇಡಲೆಂದು ಯಾವನೋ ಸಂತನ ಎಲುಬಿನ ಪೆಟ್ಟಿಗೆ ತಂದರು. ಕೈಯಿಟ್ಟು ಗುಡುಗಿದೆ: 'ಅಂದು ಬಾಗಿಲು ತೆಗೆದವನು ನಾನೇ! ಕಣ್ಣಾರೆ ಕಂಡವನು ನಾನೇ!' ಚಪ್ಪಾಳೆ, ಅಕ್ಕಾ, ಚಪ್ಪಾಳೆ! ದೀಪಗಳು ನಡುಗಿದವು.

ಈ ಚಳಿಗಾಲದಿಂದ ನನಗೆ ಸಭೆಯಲ್ಲಿ ಖಾಯಂ ಜಾಗ. ಇಥೋನ್‌ಗೆ ಮೀಸೆ ಚಿಗುರಿದೆಯೇ? ಮಾವ ದೊಡ್ಡ ಮನುಷ್ಯನಾದ ಎಂದು ಹೇಳು.

ನಿನ್ನ ಹೇಲಿನ್


ಕುಮ್ ಕೆಲಿನ್
1178, ಫೆಬ್ರವರಿ 20

ಹೇಲಿನ್,

ಹೇಳುತ್ತಿರುವವಳು ನಾನು, ಬರೆಯುತ್ತಿರುವವನು ಪಾದ್ರಿ ಸಿಲಿಯೆನ್. ಬೈಗುಳ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಬರೆಯದಿದ್ದರೆ ಈಸ್ಟರ್ ಹಬ್ಬಕ್ಕೆ ಬೆಣ್ಣೆ ಕೊಡುವುದಿಲ್ಲ ಎಂದಿದ್ದೇನೆ. ಆದ್ದರಿಂದ ಬರೆಯುತ್ತಾನೆ.

ಮೇಣದಬತ್ತಿ ಹಬ್ಬದ ದಿನ ನನ್ನ ಮೈದುನ ಕದೂಗನ್‌ನ ಮನೆಯಲ್ಲಿ ಊಟ. ಗಡಿಯಾಚೆಯ ನಾರ್ಮನ್ ದೊರೆಯ ಕಡೆಯಿಂದ ಒಬ್ಬ ಫ್ರೆಂಚ್ ಹಾಡುಗಾರ ಹಾರ್ಪ್ ಹಿಡಿದು ಬಂದಿದ್ದ, ಜೊತೆಗೊಬ್ಬ ದುಭಾಷಿ. ಹೊಸ ಕಥೆ ತಂದಿದ್ದೇನೆ ಎಂದ. ಎಲ್ಲರೂ ಒಲೆಯ ಸುತ್ತ ಕೂತೆವು. ನಾನು ಇಥೋನ್‌ನ ಪಕ್ಕದಲ್ಲಿ ಓಟ್ಸ್ ರೊಟ್ಟಿ ಮುರಿಯುತ್ತಾ ಕೂತಿದ್ದೆ.

ಕಥೆ ಏನು? ಒಬ್ಬ ದೊರೆಗೆ ಶತ್ರುವಿನ ಹೆಂಡತಿಯ ಮೇಲೆ ಆಸೆ. ಗಂಡ ಹಿಮದಲ್ಲಿ ಎಲ್ಲೋ ಸತ್ತು ಬಿದ್ದಿದ್ದಾನೆ. ಸ್ನಾನ ಮಾಡಿದ ಒಬ್ಬ ಮಾಂತ್ರಿಕ ಕೋಲು ಆಡಿಸಿ ದೊರೆಗೆ ಗಂಡನ ಮುಖ ಅಂಟಿಸುತ್ತಾನೆ. ದೊರೆ ಬಾಗಿಲು ತಟ್ಟುತ್ತಾನೆ. ಹೆಂಡತಿಯ ತಮ್ಮ ಬಾಗಿಲು ತೆಗೆಯುತ್ತಾನೆ. ಒಂದು ಕಿವಿ ಹರಿದ ನಾಯಿ ಬಂದು ಕೈ ನೆಕ್ಕುತ್ತದೆ. ಮಾಂತ್ರಿಕ ನಾಯಿಯ ಮೂಗಿಗೂ ಮಾಯೆ ಬಡಿದಿದ್ದಾನಂತೆ. ಒಳಗಿನಿಂದ ಹೆಂಡತಿ ಹೇಳುತ್ತಾಳೆ: "ಒಲೆ ಆರಿಹೋಗಿದೆ, ನನ್ನ ಕಾಲು ತಣ್ಣಗಿದೆ, ಬೈಬೇಡ."

ಹೇಲಿನ್! ಆ ಮಾತು ನಾನು ನನ್ನ ಗಂಡನಿಗೆ ಹೇಳಿದ್ದು. ಅವನ ಹೆಣ ತೊಳೆಯುವಾಗ ಅಳುತ್ತಾ ನಿನಗೊಬ್ಬನಿಗೆ ಹೇಳಿಕೊಂಡದ್ದು. ಅದು ಕಳ್ಳುಬಾಯಿಯ ದುಭಾಷಿಯ ತುಟಿಯಿಂದ, ಕಂಡವರ ಮುಂದೆ, ಹಾರ್ಪಿನ ತಂತಿಯ ಮೇಲೆ ಬಂತು. ನನ್ನ ಬಾಯಲ್ಲಿದ್ದ ರೊಟ್ಟಿಯನ್ನು ಕೈಗೆ ಉಗುಳಿಕೊಂಡೆ.

ನಡೆದದ್ದು ಏನೆಂದು ನಿನಗಿಂತ ಬಲ್ಲವರು ಯಾರು? ನನ್ನ ಗಂಡ ಎಡ್ನೊವೇನ್ ಯುದ್ಧಭೂಮಿಯಿಂದ ಒಂದು ರಾತ್ರಿ ನನ್ನನ್ನು ನೋಡಲು ಬಂದ. ಕಾವಲು ದಾಟಲು ಸತ್ತ ನಾರ್ಮನ್ ಸಿಪಾಯಿಯ ಅಂಗಿ ತೊಟ್ಟಿದ್ದ. ನೀನು ಬಾಗಿಲು ತೆಗೆದು, 'ಭಾವಾ!' ಎಂದು ಅಪ್ಪಿಕೊಂಡೆ. ಬೆಳಕಿಗೆ ಮೊದಲೇ ಹೊರಟ. ಹೊಳೆಯ ಕಡವಿನಲ್ಲಿ ಕೊಂದರು. ಆಮೇಲೆ ಇಥೋನ್ ಹುಟ್ಟಿದ. ಶತ್ರುವಿನ ಅಂಗಿಯಲ್ಲಿ ಬಂದ ಗಂಡನನ್ನು ನೀನು ಗಂಡನ ಮುಖದಲ್ಲಿ ಬಂದ ಶತ್ರು ಮಾಡಿದೆ. ಅಂಗಿಯ ಒಳಮಗ್ಗುಲನ್ನು ಹೊರಗೆ ತಿರುಗಿಸಿ ಮಾರಿದೆ.

ಕಥೆ ಮುಗಿಯಿತು. ಕದೂಗನ್ ಮೀಸೆ ಒರೆಸಿಕೊಂಡು ಕೇಳಿದ: "ಇದು ಯಾರ ಬಾಯಿಂದ ಬಂದ ಕಥೆಯಪ್ಪಾ?"

"ಹೇಲಿನ್ ಅಂತ, ನಿಮ್ಮ ಕಡೆಯವನೇ," ಎಂದ ದುಭಾಷಿ. "ಸಂತನ ಎಲುಬಿನ ಮೇಲೆ ಕೈಯಿಟ್ಟು ಹೇಳಿದ್ದಂತೆ, ಬಾಗಿಲು ತೆಗೆದವನು ತಾನೇ ಅಂತ."

ಕದೂಗನ್ ಹಲಗೆಗೆ ಗುದ್ದಿದ. "ಕೇಳಿದ್ರೇನ್ರಪ್ಪಾ! ಹದಿನಾಲ್ಕು ವರ್ಷ ನನ್ನ ಅಣ್ಣನ ಹೊಲ ಒಬ್ಬ ನಾರ್ಮನ್ ನಾಯಿಯ ಮರಿಗೆ ಅಂತ ಕಾದಿಟ್ಟಿದ್ವಿ! ಏ ಹುಡುಗಾ, ಏಳೋ ನಮ್ಮ ಒಲೆ ಪಕ್ಕದಿಂದ!"

ಇಥೋನ್ ಎದ್ದ. ನಾನೂ ಎದ್ದೆ. ಇಬ್ಬರೂ ಹಿಮದಲ್ಲಿ ನಡೆದು ಮನೆಗೆ ಬಂದೆವು.

ಆಗಸ್ಟ್ ಒಂದು, ಸುಗ್ಗಿ ಹಬ್ಬದ ದಿನ, ನನ್ನ ಮಗನನ್ನು ಕುಲಕ್ಕೆ ತೆಗೆದುಕೊಳ್ಳುವ ದಿನ. ಕುಲದ ಯಜಮಾನ ಅವನ ಎರಡು ಕೈಯನ್ನೂ ತನ್ನ ಕೈಯೊಳಗೆ ಹಿಡಿದು ಮುತ್ತು ಕೊಡಬೇಕು, ಕುಲದವರೆಲ್ಲ ಒಬ್ಬರಿಂದೊಬ್ಬರಿಗೆ ಅವನ ಬಲಗೈಯನ್ನು ದಾಟಿಸಬೇಕು. ಈಗ ಕದೂಗನ್ ಅವತ್ತು ನಮ್ಮ ಸಂತ ಗ್ವಿಡಾನ್‌ನ ಪವಿತ್ರ ಕೈಗಂಟೆಯ ಮೇಲೆ ಆಣೆ ಇಟ್ಟು ಹುಡುಗ ನಮ್ಮವನಲ್ಲ ಎನ್ನಲು ಹೊರಟಿದ್ದಾನೆ. ಹಾಗಾದರೆ ಇಥೋನ್‌ಗೆ ಹೊಲವಿಲ್ಲ, ಹೆಸರಿಲ್ಲ, ಅವನನ್ನು ಯಾರಾದರೂ ಕೊಂದರೆ ಕೇಳುವವರಿಲ್ಲ, ಸತ್ತರೆ ಅಪ್ಪನ ಪಕ್ಕ ಮಣ್ಣಿಲ್ಲ.

ಹಬ್ಬಕ್ಕೆ ಮೊದಲು ಬಾ. ಗಂಟೆಯ ಮೇಲೆ ಕೈಯಿಡು. ಮಾಂತ್ರಿಕನನ್ನು ಕಟ್ಟಿದವನು ನಾನು ಎಂದು ಹೇಳು. ಬೇರೇನೂ ಕೇಳುವುದಿಲ್ಲ.

ಗ್ವೆರ್ವಿಲ್


ಟ್ರ್ವಾ
1178, ಏಪ್ರಿಲ್ 15, ಈಸ್ಟರ್ ಕಳೆದ ವಾರ

ಅಕ್ಕಾ!

ನನ್ನ ಕಥೆ ಸಮುದ್ರ ದಾಟಿತೇ! ಹಾಡುಗಾರನ ನಾಲಿಗೆಯ ಮೇಲೆ ಕೂತು ನಮ್ಮೂರಿನ ಒಲೆಯ ಮುಂದೆ ಹೋಗಿ ಇಳಿಯಿತೇ! ನಿನ್ನ ಪತ್ರ ಓದಿ ಮೂರು ಸಲ ಕೋಣೆಯಲ್ಲಿ ಸುತ್ತಿದೆ. ಒಂದು ಮಾತು ಬರೆದು ತಿಳಿಸು, ಮರೆಯಬೇಡ: ಮಾಂತ್ರಿಕನ ಪ್ರವೇಶವನ್ನು ಆ ಹಾಡುಗಾರ ಕೂತು ಹೇಳಿದನೋ ನಿಂತು ಹೇಳಿದನೋ? ಕೂತು ಹೇಳಿದರೆ ಸತ್ತುಹೋಗುತ್ತದೆ ಆ ಜಾಗ. ನಾನು ನಿಲ್ಲುತ್ತೇನೆ, ಕಂಬಳಿಯನ್ನು ಹೀಗೆ ಬೀಸುತ್ತೇನೆ, ದೀಪ ಹಿಡಿದ ಆಳು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ನಾಯಿ ಬಂದಾಗ ನಮ್ಮ ಜನ ಅತ್ತರೇ? ನಮ್ಮ ನಾಯಿ ಬ್ಲೈದ್ ಬದುಕಿದ್ದರೆ ತನ್ನ ಕಥೆ ಕೇಳಿ ಬಾಲ ಆಡಿಸುತ್ತಿತ್ತು.

ನೀನು ಸಿಟ್ಟಾಗಿದ್ದೀ, ತಿಳಿಯಿತು. ಆದರೆ ಕಥೆಯಲ್ಲಿ ನಿನ್ನ ಹೆಸರು ಹೇಳಿದ್ದೇನೆಯೇ? ದೊರೆಸಾನಿ ಎಂದಿದ್ದೇನೆ. ನಿನಗೆ ಕಲ್ಲಿನ ಕೋಟೆ ಕೊಟ್ಟಿದ್ದೇನೆ, ರೇಷ್ಮೆ ಕೊಟ್ಟಿದ್ದೇನೆ. ಮೋಸಹೋದವಳ ತಪ್ಪೇನೂ ಇಲ್ಲ ಎಂದು ಬಿಡಿಸಿ ಹೇಳಿದ್ದೇನೆ. ಅದಕ್ಕೆಂದೇ ಅಲ್ಲವೇ ಮಾಂತ್ರಿಕನಿರುವುದು! ಅವನಿದ್ದರೆ ದೊರೆಯ ಮೇಲೂ ತಪ್ಪಿಲ್ಲ, ಹೆಣ್ಣಿನ ಮೇಲೂ ತಪ್ಪಿಲ್ಲ. ಎಲ್ಲವೂ ಕೋಲಿನ ಮೇಲೆ. ಇಲ್ಲಿನ ಸರದಾರರು ಅವನನ್ನು ಯಾಕೆ ಅಷ್ಟು ಪ್ರೀತಿಸುತ್ತಾರೆ ಎಂದುಕೊಂಡೆ?

ಕದೂಗನ್ ಕುರಿಕಳ್ಳ. ಅವನಿಗೆ ಕಥೆ ಎಂದರೇನು ಗೊತ್ತು? ಇಲ್ಲಿ ಯಾರೂ ಕಥೆ ಹಿಡಿದುಕೊಂಡು ಹೊಲ ಕೇಳುವುದಿಲ್ಲ. ಇರಲಿ, ನಾನೇ ಸರಿಮಾಡುತ್ತೇನೆ. ಎರಡನೆಯ ಭಾಗ ಕಟ್ಟುತ್ತಿದ್ದೇನೆ. ಆ ರಾತ್ರಿ ಹುಟ್ಟಿದ ಮಗು ದೊಡ್ಡವನಾಗಿ ಇಡೀ ದ್ವೀಪಕ್ಕೆ ರಾಜನಾಗುತ್ತಾನೆ! ಇಥೋನ್‌ಗೆ ಹೇಳು, ಇಂಥ ಮಗುವಿಗೆ ಕಥೆಯಲ್ಲಿ ಕಿರೀಟ ತಪ್ಪಿದ್ದೇ ಇಲ್ಲ.

ಬರುವುದು ಮಾತ್ರ ಈಗ ಆಗುವುದಿಲ್ಲ. ದೊರೆಸಾನಿಯ ಮಗಳ ಮದುವೆಯ ಮಾತುಕತೆ ನಡೆದಿದೆ. ಯಾವ ಹೊತ್ತಿಗೆ ಕರೆಯುತ್ತಾರೋ ಹೇಳಲಾಗದು.

ಹೇಲಿನ್


ಕುಮ್ ಕೆಲಿನ್
1178, ಮೇ 16

ಹೇಲಿನ್,

ನಿನ್ನ ಪತ್ರವನ್ನು ಸಿಲಿಯೆನ್ ಓದುತ್ತಿದ್ದಾಗ ಮಧ್ಯದಲ್ಲಿ ನಿಲ್ಲಿಸಿದ. "ಮುಂದೆ ಓದ್ಲೇನಮ್ಮಾ?" ಎಂದ. "ಓದು," ಎಂದೆ. ಕಿರೀಟದ ಜಾಗ ಬಂದಾಗ ಎದ್ದು ಹೊರಗೆ ಹೋಗಿ ಉಗುಳಿ ಬಂದ. ಪಾದ್ರಿ ಉಗುಳಿದ್ದನ್ನು ನಾನು ಇದೇ ಮೊದಲು ಕಂಡದ್ದು. ಈ ವಾಕ್ಯವನ್ನು ಅವನು ಬರೆಯುವುದಿಲ್ಲ ಎಂದ. ಬರೆಸಿದ್ದೇನೆ.

ಹಾಡುಗಾರ ಕೂತೇ ಹೇಳಿದ. ಸಾಕೇ?

ಹೇಸಿಗೆಯಾಗುತ್ತಿದೆ ನನಗೆ. ಸಿಟ್ಟಲ್ಲ. ಸಿಟ್ಟಾದರೆ ಒಂದು ದಿನ ಇಳಿಯುತ್ತದೆ. ಇದು ಹಾಲಿನ ಪಾತ್ರೆಯ ತಳದಲ್ಲಿ ಸತ್ತ ಇಲಿ ಕಂಡ ಹಾಗೆ. ಕುಡಿದಾಗಿದೆ, ಕಂಡದ್ದು ಆಮೇಲೆ.

ನೀನು ಯಾರ ಮಗ ಎಂಬುದನ್ನೇ ಮರೆತೆಯಾ? ಅಲ್ಲಿ ನೀನು ಊಟವಾದ ಮೇಲೆ ಹಲ್ಲು ಕಡ್ಡಿಯ ಜೊತೆ ಬರುವ ಕಥೆಗಾರ. ಇಲ್ಲಿ ನಮ್ಮದು ವಂಶ ಹೇಳುವ ಮನೆತನ. ಯಾರ ಮಗ ಯಾರು, ಯಾರ ಹೊಲ ಎಲ್ಲಿಯವರೆಗೆ, ಯಾರ ಅಜ್ಜಿ ಯಾವ ಕಣಿವೆಯಿಂದ ಬಂದಳು, ಎಲ್ಲವೂ ನಮ್ಮ ಅಪ್ಪನ ಬಾಯಲ್ಲಿತ್ತು. ಅವನು ಹೇಳಿದ್ದಕ್ಕೆ ಎರಡನೆಯ ಸಾಕ್ಷಿ ಕೇಳುತ್ತಿರಲಿಲ್ಲ. ಅಪ್ಪ ಸತ್ತಾಗ ಅವನ ಕೋಲು ನಿನ್ನ ಕೈಗೆ ಬಂತು. ಇಥೋನ್ ಹುಟ್ಟಿದಾಗ ನೀನು ಆ ಕೋಲು ಹಿಡಿದು, "ಎಡ್ನೊವೇನ್‌ಗೆ ಬಾಗಿಲು ತೆಗೆದವನು ನಾನು," ಎಂದೆ. ಕದೂಗನ್ ಅವತ್ತು ಬಾಯಿ ಮುಚ್ಚಿದ್ದು ಅದಕ್ಕೆ. ಆ ಬಾಯಿಯೇ ಈಗ ಎಲುಬಿನ ಮೇಲೆ ಕೈಯಿಟ್ಟು ಬೇರೆ ಹೇಳಿದೆ. ಇಲ್ಲಿಯವರಿಗೆ ಅದು ಕಥೆಯಲ್ಲ, ವಂಶ ಹೇಳುವವನು ತನ್ನ ಮಾತನ್ನು ತಿದ್ದಿಕೊಂಡದ್ದು. ಹೀಗಾಗುತ್ತದೆ ಎಂದು ನಿನಗೆ ಹೊಳೆಯಲೇ ಇಲ್ಲವೇ? ಅಥವಾ ಚಪ್ಪಾಳೆಯ ಸದ್ದಿನಲ್ಲಿ ಕೇಳಿಸಲಿಲ್ಲವೇ?

ಹುಡುಗರು ಇಥೋನ್‌ನನ್ನು ಕೋಲಿನಿಂದ ಮುಟ್ಟಿ, "ಮುಖ ಬದಲಾಯ್ಸೋ, ಮಾಯದ ಮರಿ!" ಎನ್ನುತ್ತಾರೆ. ಅವನು ಯಾರಿಗೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಮೊನ್ನೆ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿ, ನನ್ನ ಕಡೆ ನೋಡದೆ ಕೇಳಿದ:

"ಅಮ್ಮಾ, ಅವನ ಮುಖ ಸರಿಯಾಗಿ ನೋಡಿದ್ಯಾ ನೀನು?"

"ನೋಡಿದೀನಿ ಕಣೋ."

"ಒಲೆ ಆರಿತ್ತು ಅಂದ್ಯಲ್ಲ."

ಕೇಳಿದೆಯಾ, ಹೇಲಿನ್? ನನ್ನ ಮಗ ನನ್ನನ್ನು ಕೇಳಿದ. ಅದಕ್ಕಿಂತ ಕೊಳಕಾದದ್ದು ಇನ್ನೊಂದಿದೆ, ಅದನ್ನೂ ಬರೆಸುತ್ತೇನೆ. ಸಿಲಿಯೆನ್ ಮುಖ ತಿರುಗಿಸಿಕೊಂಡು ಬರೆಯಲಿ. ಎಡ್ನೊವೇನ್ ನನಗೆ ಬಿಟ್ಟುಹೋದದ್ದು ಆ ಒಂದು ರಾತ್ರಿ. ಅವನ ಅಂಗಿಯ ಒದ್ದೆ ಉಣ್ಣೆಯ ವಾಸನೆ, ನನ್ನ ಕಾಲನ್ನು ತನ್ನ ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡಿದ್ದು. ಬೇಕೆಂದಾಗ ತೆಗೆದು ನೋಡಿ ಒಳಗಿಡುತ್ತಿದ್ದೆ. ಈಗ ತೆಗೆದರೆ ಮೂಲೆಯಲ್ಲಿ ನಿನ್ನ ಮಾಂತ್ರಿಕ ನಿಂತಿರುತ್ತಾನೆ. ಸ್ನಾನ ಮಾಡಿ, ಗಡ್ಡ ಬಾಚಿಕೊಂಡು, ನನ್ನ ಹಾಸಿಗೆಯನ್ನು ನೋಡುತ್ತಾ. ನಾನು ಗಂಡನ ಮುಖ ನೆನೆಸಿಕೊಳ್ಳುತ್ತೇನೆ, ಅದು ಅಂಟಿಸಿದ್ದಿರಬಹುದೇ ಎಂಬ ಯೋಚನೆ ನನಗೇ ಬರುತ್ತದೆ. ನನಗೇ! ಥೂ!

ತಪ್ಪು ಯಾರ ಮೇಲೂ ಇಲ್ಲ ಎಂದು ಬರೆದೆ. ಸರಿಯಾಗಿ ಹೇಳಿದೆ. ಅವನು ಅದಕ್ಕೇ ಇರುವವನು. ಬೇರೆಯವರ ಮನೆಗೆ ನುಗ್ಗಿದವನ ಕೈ ತೊಳೆಯಲು. ಮರುಳ ಮೋರಿಯನ್ ಕೊಳಕಾಗಿದ್ದ, ನಿಜ. ಅವನ ಕೊಳಕು ಅವನ ಮೈಮೇಲಿತ್ತು. ಅಜ್ಜಿ ಕೊಟ್ಟ ಗಂಜಿ ಕುಡಿದು ಕೈಮುಗಿಯುತ್ತಿದ್ದ. ಅವನಿಗೆ ನೀನು ಸ್ನಾನ ಮಾಡಿಸಿ, ತೊಳೆದ ನೀರನ್ನು ನನ್ನ ಮನೆಯೊಳಗೆ ಚೆಲ್ಲಿದೆ.

ಇನ್ನೂ ಹೊತ್ತಿದೆ. ಉಣ್ಣೆ ವ್ಯಾಪಾರಿಗಳ ಹಡಗು ಹಿಡಿದರೆ ಹಬ್ಬದ ಹೊತ್ತಿಗೆ ಬರಬಹುದು. ಬರಲಾಗದಿದ್ದರೆ ಅಲ್ಲಿಯ ಬಿಷಪ್ಪರ ಮುಂದೆ ಆಣೆ ಇಟ್ಟು, ಮೊಹರು ಹಾಕಿಸಿ ಕಳಿಸು. ಕೊನೆಯ ಸಲ ಅಕ್ಕನಾಗಿ ಕೇಳುತ್ತಿದ್ದೇನೆ.

ಗ್ವೆರ್ವಿಲ್


ಟ್ರ್ವಾ
1178, ಜೂನ್ 24, ಸಂತ ಜಾನ್ ಹಬ್ಬ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಏನು ಬರೆಯಲಿ? ಹೊರಡಬೇಕೆಂದೇ ಗಂಟು ಕಟ್ಟಿದ್ದೆ. ಆದರೆ ಮೆಟ್ಟಿಲಲ್ಲಿ ಜಾರಿ ಎಡಗಾಲು ಉಳುಕಿತು. ಹಾಸಿಗೆ ಹಿಡಿದಿದ್ದೇನೆ. ವೈದ್ಯ ಹಡಗಿನ ಮಾತೇ ಎತ್ತಬಾರದು ಎಂದಿದ್ದಾನೆ.

ಬಿಷಪ್ಪರ ವಿಷಯ ಯೋಚಿಸಿದೆ. ದೊರೆಸಾನಿಯ ಪಾದ್ರಿಯ ಬಳಿ ಮಾತಿಗೆ ಮಾತು ಬಂದು, ಹೇಳಿದ ಆಣೆಯನ್ನು ಯಾರಾದರೂ ಹಿಂದಕ್ಕೆ ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳಿದೆ, ಬೇರೆ ಯಾರದೋ ವಿಷಯ ಎನ್ನುವ ಹಾಗೆ. ಅವನು ನಕ್ಕು ತನ್ನ ನಾಲಿಗೆ ಹೊರಗೆ ಹಾಕಿ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದ. ತಮಾಷೆಯ ಮನುಷ್ಯ.

ಅಕ್ಕಾ, ಈ ಪತ್ರದ ಜೊತೆ ಒಂದು ಉಡುಗೊರೆ ಕಳಿಸುತ್ತಿದ್ದೇನೆ. ದೊರೆಸಾನಿ ನನ್ನ ಕಥೆಯನ್ನು ಎಳೆಗರುವಿನ ಚರ್ಮದ ಮೇಲೆ ಬರೆಸಿದಳು. ಮೊದಲ ಹಾಳೆಯ ಒಂದು ಪ್ರತಿ ನನಗೆ ಕೊಟ್ಟಳು, ನಾನು ನಿನಗೆ ಕೊಡುತ್ತೇನೆ. ಅದರ ಮೇಲೆ ಮಾಂತ್ರಿಕನ ಚಿತ್ರವಿದೆ, ಚಿನ್ನದ ಅಂಚಿನ ನಿಲುವಂಗಿಯಲ್ಲಿ. ಚಿತ್ರಕಾರ ಮುಖ ಹೇಗಿರಲಿ ಎಂದ. ನಮ್ಮ ಅಪ್ಪನ ಗಡ್ಡ ಹೇಳಿ ಬರೆಸಿದೆ. ಅದೇ ಕವಲು, ಅದೇ ಬಿಳಿ ಎಳೆ! ನೋಡಿದರೆ ನಿನಗೆ ಕಣ್ಣೀರು ಬರುತ್ತದೆ.

ಮದುವೆ ಹೋದ ವಾರ ಆಯಿತು. ನಾನೇ ಮಾಂತ್ರಿಕನ ವೇಷ ಹಾಕಿ ಮೇಜಿನ ಮೇಲೆ ಹಾರಿ ನಿಂತೆ. ಆ ಕೂಗೇನು, ಆ ಶಿಳ್ಳೆಯೇನು! ನೀನಿರಬೇಕಿತ್ತು.

ಹುಡುಗನಿಗೆ ಆಶೀರ್ವಾದ.

ಹೇಲಿನ್


ಕುಮ್ ಕೆಲಿನ್
1178, ಆಗಸ್ಟ್ 3

ಹೇಲಿನ್,

ಆಣೆಯ ಹಿಂದಿನ ದಿನ ನಿನ್ನ ಬದಲು ನಿನ್ನ ಕರುವಿನ ಚರ್ಮ ಬಂತು. ಉಳುಕಿದ ಕಾಲಿನಲ್ಲಿ ಮೇಜಿನ ಮೇಲೆ ಹಾರಿದವನ ಪತ್ರ ಅದರೊಳಗೆ ಸುತ್ತಿತ್ತು. ಸಿಲಿಯೆನ್ ಓದಿ ಮುಗಿಸಿ, "ಇವನಿಗೆ ನಾನೇನೂ ಹೇಳೋದಿಲ್ಲ," ಎಂದ. ನಾನು ಹೇಳುತ್ತೇನೆ. ಒಮ್ಮೆ ಹೇಳುತ್ತೇನೆ. ಕೇಳು.

ಚರ್ಚಿನ ಅಂಗಳ ತುಂಬಿತ್ತು. ಎಡ್ನೊವೇನ್‌ನ ಗೋರಿಯ ಮುಂದೆ ಹಲಗೆ, ಹಲಗೆಯ ಮೇಲೆ ಗಂಟೆ. ಒಂದು ಕಡೆ ಕುಲದ ಹಿರಿಯರು, ಯಜಮಾನನ ಜಾಗದಲ್ಲಿ ಅಜ್ಜ ಅನಾರೌದ್, ಈಗ ಕಣ್ಣು ಮಂಜು, ನಾಲಿಗೆ ಇನ್ನೂ ಚುರುಕು. ಇನ್ನೊಂದು ಕಡೆ ನಾನು, ನನ್ನ ಮಗ. ಎಡಗೈ ಅವನ ತಲೆಯ ಮೇಲೆ, ಬಲಗೈ ಗಂಟೆಯ ಮೇಲೆ ಇಟ್ಟು ತಾಯಿಯ ಆಣೆ ಹೇಳಿದೆ: ಇವನು ಎಡ್ನೊವೇನ್‌ನ ಮಗ, ಬೇರೆ ಯಾರ ಮಗನೂ ಅಲ್ಲ.

ಕದೂಗನ್ ಮುಂದೆ ಬಂದ. "ಅತ್ತಿಗೆ ಮಾತಿಗೆ ನಾನು ಅಡ್ಡ ಹೋಗೋದಿಲ್ಲ. ಪಾಪ, ಅವಳೂ ಮೋಸ ಹೋದವಳು. ಆದ್ರೆ ಬಾಗಿಲು ತೆಗೆದವನೇ ಮಾತು ತಿರುಗಿಸಿದಾನಲ್ಲಪ್ಪಾ! ವಂಶ ಹೇಳೋ ಬಾಯಿ ಅದು!"

ಜನ ಗುಜುಗುಜು ಎಂದರು. ಆಗ ನಾನು ನಮ್ಮ ಅಪ್ಪನ ಗಂಟಲಿನಲ್ಲಿ ಕೂಗಿದೆ. ಅಂಗಳದಾಚೆಯ ಮರದಿಂದ ಕಾಗೆಗಳು ಎದ್ದವು.

"ಆ ಬಾಯಿಯ ಮೊದಲ ಮಾತನ್ನೂ ಬಿಸಾಕಿ, ಎರಡನೇ ಮಾತನ್ನೂ ಬಿಸಾಕಿ! ಎರಡು ಕಡೆ ಆಣೆ ಇಟ್ಟವನು ನನಗೆ ಸಾಕ್ಷಿ ಅಲ್ಲ. ಅವನು ಬೇಡ ನನಗೆ. ಈಗ ನೀನು ಹೇಳು ಕದೂಗಾ. ಕುಲದಿಂದ ಮಗು ತಳ್ಳೋನು, ಯಾಕೆ ತಳ್ತೀನಿ ಅನ್ನೋದನ್ನೂ ಗಂಟೆ ಮೇಲೆ ಹೇಳ್ಬೇಕು ತಾನೇ? ಪಾದ್ರಿಗಳೇ, ಹೌದೋ ಅಲ್ವೋ?"

"ಹೌದು," ಎಂದ ಸಿಲಿಯೆನ್. "ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೇಳ್ಬೇಕು."

"ಹೇಳು ಮತ್ತೆ! ಬೂದು ಅಂಗಿಯವನೊಬ್ಬ ಇದ್ದ, ಕೋಲು ಆಡಿಸ್ದ, ಒಬ್ಬನ ಮುಖ ಇನ್ನೊಬ್ಬನಿಗೆ ಅಂಟಿಸ್ದ, ನಾಯಿ ಮೂಗು ಕಟ್ಟಿಸ್ದ, ಇದು ಸತ್ಯ, ಸುಳ್ಳಾದ್ರೆ ಈ ಗಂಟೆ ನನ್ನ ಕೈ ಒಣಗಿಸ್ಲಿ ಅಂತ ಹೇಳು!"

ಕದೂಗನ್ ಗಂಟೆಯ ಕಡೆ ಕೈ ಚಾಚಿದ. ನಿಜ ಹೇಳುತ್ತೇನೆ, ಇಟ್ಟೇಬಿಡುತ್ತಾನೆ ಎಂದುಕೊಂಡೆ. ಹೊಲದ ಆಸೆ ಅವನಿಗೆ ದೊಡ್ಡದು. ಕೈ ಗಂಟೆಗೆ ತಾಗುವಷ್ಟರಲ್ಲಿ ಅನಾರೌದ್ ಅಜ್ಜ ಕೆಮ್ಮಿದ.

"ತಡಿಯೋ ಮಗನೇ. ನೀನು ಹೇಳಿದ ಮೇಲೆ ನಾನೂ ಹೇಳ್ಬೇಕಲ್ಲ. ನಂಗೆ ಇರೋದು ಎರಡೇ ಕೈ. ಸ್ವಲ್ಪ ಬಿಡಿಸಿ ಹೇಳು. ಯಾವ ಮಾಂತ್ರಿಕ ಅಂದೆ?"

"ಅದೇ ಅಜ್ಜಾ, ಕಥೇಲಿ ಬರೋನು..."

"ನಾನು ಮೋರಿಯನ್‌ನ ನೋಡಿದೀನಪ್ಪಾ. ಅವನಿಗಿಂತ ದೊಡ್ಡ ಮಾಂತ್ರಿಕ ಈ ಕಣಿವೇಲಿ ಇರ್ಲಿಲ್ಲ. ಚಳೀಲಿ ತನ್ನ ಹರಕು ಕಂಬಳೀನ ಕರಡಿ ಚರ್ಮ ಮಾಡ್ಕೊಳ್ಳೋಕೆ ಆಗ್ಲಿಲ್ಲ ಅವನ ಕೈಲಿ. ತಲೆ ಹೇನನ್ನ ಮಾಯ ಮಾಡೋಕೆ ಆಗ್ಲಿಲ್ಲ. ನಮ್ಮಮ್ಮ ಬಾಚಣಿಗೆ ಕೊಟ್ಳು. ಇವನ್ಯಾವನೋ ಮುಖಾನೇ ಬದಲಾಯಿಸ್ತಾನಂತೆ! ಅಂಥವನು ನಮ್ಮ ಕಾಡಲ್ಲಿ ಇದ್ದ ಅಂತ ಈ ಗಂಟೆ ಮೇಲೆ ಕೈಯಿಡ್ಲಾ ನಾನು? ನಾಳೆ ಬೆಳಿಗ್ಗೆ ಗಂಜಿ ಯಾವ ಕೈಲಿ ಕುಡೀಲೋ, ನಿನ್ನ ಕೈಲಾ?"

ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಆ ನಗೆ ಕೇಳಿ ನನಗೆ ಸಂತೋಷವಾಯಿತು ಎಂದುಕೊಳ್ಳಬೇಡ. ನನ್ನ ಗಂಡನ ಗೋರಿಯ ಮುಂದೆ ನಿಂತು ಜನ ನನ್ನ ಹಾಸಿಗೆಯ ಕಥೆಗೆ ನಕ್ಕರು. ನೀನು ಅದನ್ನು ಆ ಮಟ್ಟಕ್ಕೆ ಇಳಿಸಿದ್ದೆ; ಅಲ್ಲಿಂದಲೇ ಎತ್ತಬೇಕಿತ್ತು. ಹಿರಿಯರು ಒಬ್ಬೊಬ್ಬರಾಗಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. ಕೊನೆಗೆ ಕದೂಗನ್‌ನ ಕೈಯೊಂದೇ ಗಂಟೆಯ ಮೇಲೆ ತೂಗುತ್ತಿತ್ತು. ಅವನು ಅದನ್ನು ನೋಡಿಕೊಂಡ. ಅದು ಬೇರೆ ಯಾರದೋ ಎನ್ನುವ ಹಾಗೆ ಹಿಂದಕ್ಕೆ ತೆಗೆದುಕೊಂಡ.

ಅನಾರೌದ್ ಅಜ್ಜ ಇಥೋನ್‌ನ ಎರಡು ಕೈಯನ್ನೂ ತನ್ನ ಕೈಯೊಳಗೆ ಹಿಡಿದು ಕೆನ್ನೆಗೆ ಮುತ್ತಿಟ್ಟ. ಬಲಗೈಯನ್ನು ಪಕ್ಕದವನಿಗೆ ದಾಟಿಸಿದ. ಅವನು ಇನ್ನೊಬ್ಬನಿಗೆ. ಕದೂಗನ್‌ನ ಸರದಿ ಬಂದಾಗ ಅವನು ಮುಖ ಬೇರೆ ಕಡೆ ತಿರುಗಿಸಿದ, ಆದರೆ ಕೈ ಹಿಡಿದ. ಹಿಡಿಯಬೇಕಿತ್ತು, ಹಿಡಿದ.

ಈಗ ವಂಶ ಹೇಳುವ ಹೊತ್ತು. ಹೇಳುವವನು ಬೇಕು. ಎಲ್ಲರೂ ನನ್ನ ಕಡೆ ನೋಡಿದರು. ಹೆಂಗಸು ಹೇಳಿದ್ದಿಲ್ಲ ಎಂದು ಕದೂಗನ್ ಗೊಣಗಿದ. "ಗಂಡಸು ಹೇಳಿದ್ದು ಕೇಳಿದ್ವಲ್ಲೋ," ಎಂದ ಅನಾರೌದ್. "ಹೇಳಮ್ಮಾ."

ನೀನು ಬಿಟ್ಟುಹೋದ ಅಪ್ಪನ ಕೋಲು ಹಿಡಿದು ನಿಂತೆ. ಎಡ್ನೊವೇನ್‌ನ ಕಡೆಯಿಂದ ಶುರು ಮಾಡಿ, ಹೆಸರಿನ ಮೇಲೆ ಹೆಸರು, ಬೆಟ್ಟ ಹತ್ತಿದ ಹಾಗೆ ಹತ್ತಿದೆ. ಒಂದೂ ತಪ್ಪಲಿಲ್ಲ. ಆಮೇಲೆ ತಾಯಿಯ ಕಡೆಗೆ ಬಂದೆ. ಗ್ವೆರ್ವಿಲ್‌ನ ಮಗ ಇಥೋನ್ ಎಂದೆ. ಅಲ್ಲಿ ತಾಯಿಯ ಒಡಹುಟ್ಟಿದವರ ಹೆಸರು ಬರಬೇಕು. ಅಂಗಳವೆಲ್ಲ ಕಿವಿಯಾಗಿತ್ತು. ನೀನು ಹೇಳಿದ ನಿಶ್ಶಬ್ದ, ಸೂಜಿ ನಿಲ್ಲುವ ನಿಶ್ಶಬ್ದ, ಅದೇ.

ಆ ಜಾಗದಲ್ಲಿ ನಾನು ಒಮ್ಮೆ ಉಸಿರು ತೆಗೆದುಕೊಂಡೆ. ಆಮೇಲೆ ನಮ್ಮ ಅಪ್ಪನ ಹೆಸರಿಗೆ ಹೋದೆ.

ಅಷ್ಟೇ ಹೇಲಿನ್. ಕೋಲು ಆಡಿಸಲಿಲ್ಲ, ಮಂತ್ರ ಹೇಳಲಿಲ್ಲ. ಒಬ್ಬ ಮನುಷ್ಯ ಮಾಯವಾದ. ಇನ್ನು ಈ ಕಣಿವೆಯಲ್ಲಿ ವಂಶ ಹೇಳುವವಳು ನಾನು, ನನ್ನ ನಂತರ ಇಥೋನ್. ಅವನಿಗೆ ಕಲಿಸುತ್ತಿದ್ದೇನೆ, ಎಲ್ಲಿ ಯಾವ ಹೆಸರು, ಎಲ್ಲಿ ಉಸಿರು.

ನಿನ್ನ ಚರ್ಮದ ಹಾಳೆ ಹಾಳಾಗಿಲ್ಲ. ಮೊದಲು ಅಪ್ಪನ ಗಡ್ಡವನ್ನು ಚಾಕುವಿನಿಂದ ಮೆಲ್ಲಗೆ ಕೆರೆದು ತೆಗೆದೆ. ಆಮೇಲೆ ಮಜ್ಜಿಗೆಯಲ್ಲಿ ನೆನೆಸಿ, ಉಳಿದವನನ್ನೂ ಅವನ ಚಿನ್ನದ ಅಂಚನ್ನೂ ಅಕ್ಷರಗಳನ್ನೂ ಕಲ್ಲಿನಿಂದ ತಿಕ್ಕಿದೆ. ಎರಡನೆಯ ಸಲ ಅವನಿಗೆ ಸ್ನಾನ ಮಾಡಿಸಿದವಳು ನಾನು. ಈ ಸಲ ಪೂರ್ತಿ ಹೋದ. ಈಗ ಅದನ್ನು ಸಿಲಿಯೆನ್‌ನ ಬೆಣ್ಣೆ ಗಡಿಗೆಯ ಬಾಯಿಗೆ ಕಟ್ಟಿದ್ದೇನೆ. ಒಳ್ಳೆಯ ಚರ್ಮ. ಇರುವೆ ಹೋಗುವುದಿಲ್ಲ.

ಗ್ವೆರ್ವಿಲ್